ಟ್ಯಾಬ್ ಕೆಳಗಿಟ್ಟ ಮೇಲೆ ಮಗು ಏನು ಮಾಡುತ್ತದೆ?

ಮಗಳಿಗೆ ಎರಡು ವರ್ಷ ತುಂಬುವ ವಾರ ನನ್ನ ತಮ್ಮ ಫೋನ್ ಮಾಡಿದ. "ಅಕ್ಕಾ, ಈ ಸಲ ಬಟ್ಟೆ ಗಿಟ್ಟೆ ತರಲ್ಲ. ಪುಟ್ಟಿಗೊಂದು ಲರ್ನಿಂಗ್ ಟ್ಯಾಬ್ ಕೊಡಿಸಿಬಿಡ್ತೀನಿ. ನಿನ್ನ ಫೋನಲ್ಲಿ ತಾನೇ ವಿಡಿಯೋ ಹುಡುಕ್ಕೋತಾಳೆ ಅಂತ ಅಮ್ಮ ಹೇಳ್ತಿದ್ರು. ರೆಡಿ ಇದ್ದಾಳೆ ಬಿಡು." ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಆ "ರೆಡಿ" ಅನ್ನುವ ಮಾತಿನಲ್ಲೇ ಸಿಕ್ಕಿಕೊಂಡೆ.

ಪುಟ್ಟ ಮಕ್ಕಳು ಟ್ಯಾಬ್‌ಗೆ ಸಿದ್ಧ ಎಂದು ನಾವು ತೀರ್ಮಾನಿಸುವುದು ಬೆರಳು ನೋಡಿ. ಗಾಜು ಸವರುತ್ತದೆ, ಬೇಡದ್ದನ್ನು ತಳ್ಳುತ್ತದೆ, ಜಾಹೀರಾತು ಬಂದರೆ ಮೂಲೆಯ ಗುರುತು ಒತ್ತಿ ಓಡಿಸುತ್ತದೆ. ನೆಂಟರ ಮುಂದೆ ಹೇಳಿಕೊಳ್ಳಲು ಚೆಂದ. ಆದರೆ ಅಕ್ಷರ ಬರದವರೂ ಕಲಿಸುವವರಿಲ್ಲದೆ ಬಳಸುವಂತೆ ಮಾಡಿದ ಯಂತ್ರ ಅದು. ಮಗುವಿಗೆ ಒಗ್ಗಿತೆಂದರೆ ಶಭಾಸ್ ಅನ್ನಬೇಕಾದ್ದು ಕಟ್ಟಿದವರಿಗೆ. ಹಾಗಂತ ಬೆರಳಾಟ ಕಂಡು ಗಾಬರಿಯಾಗುವುದೂ ಬೇಡ. ಲಂಡನ್ನಿನ ಸಂಶೋಧಕರು 715 ಕುಟುಂಬಗಳನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಪರದೆ ಸವರಲು ಕಲಿತ ಮಕ್ಕಳು ಮರದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುವುದನ್ನೂ ಬೇಗ ಕಲಿತಿದ್ದರು. ಯಾವುದರಿಂದ ಯಾವುದು ಆಯಿತು ಎಂದು ಅದು ಹೇಳುವುದಿಲ್ಲ. ಚುರುಕು ಬೆರಳಿನ ಮಗು ಎರಡನ್ನೂ ಬೇಗ ಮಾಡಿರಬಹುದು.

ಈ ವಿಷಯದ ಸಂಶೋಧನೆಗಳನ್ನು ಓದುತ್ತ ಹೋದಂತೆ ನನಗೆ ಖಾತ್ರಿಯಾದದ್ದು ಇಷ್ಟು: ಮಗು ಟ್ಯಾಬ್ ಹಿಡಿದಿರುವಾಗ ಎಷ್ಟು ದಿಟ್ಟಿಸಿದರೂ ಅದರ ಸಿದ್ಧತೆ ಗೊತ್ತಾಗುವುದಿಲ್ಲ. ಕೆಳಗಿಟ್ಟ ಮೇಲೆ ನೋಡಬೇಕು. ಒಳಗೆ ಕಂಡದ್ದು ಹೊರಗೆ ಬಂತೇ, ಬಿಡುವಾಗ ಬಿಟ್ಟಿತೇ, ಆಮೇಲೆ ಮಾತಾಡಿತೇ, ರಾತ್ರಿ ಮಲಗಿತೇ.

ಅದಕ್ಕೂ ಮುಂಚೆ ಡಬ್ಬಿಯೊಳಗೆ ಏನಿದೆ ಎಂಬುದನ್ನು ನೋಡಿಬಿಡೋಣ. ಆಟಿಕೆ ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ "ಕಿಡ್ಸ್ ಲರ್ನಿಂಗ್ ಟ್ಯಾಬ್" ಎಂದು ಕೇಳಿದರೆ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನು ಮುಂದೆ ಬರುತ್ತವೆ. ಒಂದು, ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ಹಲಗೆ. ಗುಂಡಿ ಒತ್ತಿದರೆ "ಎ ಫಾರ್ ಆ್ಯಪಲ್" ಎಂದು ಕಿರುಚುತ್ತದೆ. ಪರದೆಯಂತೆ ಕಾಣುವುದು ಬರೀ ಅಂಟಿಸಿದ ಚಿತ್ರ. ಎರಡನೆಯದು ಎಲ್‌ಸಿಡಿ ಬರೆಯುವ ಹಲಗೆ: ಕಡ್ಡಿಯಿಂದ ಗೀಚಿದರೆ ಹಸಿರು ಗೆರೆ ಮೂಡುತ್ತದೆ, ಒಂದು ಗುಂಡಿ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ. ಬೆಳಕಿಲ್ಲ, ಸದ್ದಿಲ್ಲ, ಇಂಟರ್ನೆಟ್ ಇಲ್ಲ. ಮೂರನೆಯದು ಅಪ್ಪಟ ಆಂಡ್ರಾಯ್ಡ್ ಟ್ಯಾಬ್ಲೆಟ್ಟೇ. ಸುತ್ತ ರಬ್ಬರ್ ಕವಚ, ಒಳಗೆ ಮಕ್ಕಳ ಮೋಡ್. ಒಂದಕ್ಕೆ ಕೊಡುವ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ಬರೆಯುವ ಹಲಗೆ ನಮ್ಮ ಸ್ಲೇಟಿನ ಮೊಮ್ಮಗು. ಬಳಪ ತಿನ್ನುವ ಗೋಳಿಲ್ಲ, ಒದ್ದೆ ಬಟ್ಟೆ ಬೇಡ. ಸ್ಕ್ರೀನ್ ಟೈಮ್ ಎಂದು ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಒಳಗೆ ನಾಣ್ಯದಂಥ ಬಟನ್ ಸೆಲ್ ಇರುತ್ತದೆ, ನಿಜವಾಗಿ ಹೆದರಬೇಕಾದ್ದು ಅದಕ್ಕೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟಗಾಯ ಮಾಡಬಲ್ಲದು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಉಗುರಿನಲ್ಲಿ ಎಬ್ಬಿದರೆ ಬಂದುಬಿಡುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. 2021ರ ಜನವರಿಯಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಬ್ಯಾಟರಿ ಆಟಿಕೆಗಳಿಗೂ. ಸಂತೆಯಲ್ಲಿ ಬುಟ್ಟಿಗೆ ಸುರಿದು ಮಾರುವ ಹಲಗೆಯ ಮೇಲೆ ಆ ಗುರುತು ಹುಡುಕಿ ನೋಡಿ, ಅರ್ಥವಾಗುತ್ತದೆ.

ಕಿರುಚುವ ಹಲಗೆಯ ಮೇಲೆ ನನಗೆ ಅಷ್ಟು ಪ್ರೀತಿಯಿಲ್ಲ. ಅಮೆರಿಕದ ಅರಿಜೋನಾದಲ್ಲಿ ಅನ್ನಾ ಸೋಸಾ ಎಂಬವರು 10ರಿಂದ 16 ತಿಂಗಳ 26 ಮಕ್ಕಳ ಮನೆಗಳಿಗೆ ಮೂರು ಬಗೆಯ ಆಟದ ಸಾಮಾನು ಕಳಿಸಿ ಮಾತುಕತೆ ದಾಖಲಿಸಿಕೊಂಡರು. ಮಾತಾಡುವ ಬ್ಯಾಟರಿ ಆಟಿಕೆ, ಬ್ಯಾಟರಿಯಿಲ್ಲದ ಮಾಮೂಲಿ ಆಟಿಕೆ, ಚಿತ್ರಪುಸ್ತಕ. ಬ್ಯಾಟರಿ ಆಟಿಕೆ ಎದುರಿಗಿದ್ದಾಗ ದೊಡ್ಡವರ ಮಾತು ಎಲ್ಲಕ್ಕಿಂತ ಕಡಿಮೆಯಾಯಿತು, ಮಗುವಿನ ತೊದಲು ಪುಸ್ತಕದ ಹೊತ್ತಿನಷ್ಟು ಬರಲಿಲ್ಲ. ಕಾರಣ ತೀರಾ ಸರಳ: ಆಟಿಕೆಯೇ ಮಾತಾಡುತ್ತಿದ್ದರೆ ನಾವು ಯಾಕೆ ಬಾಯಿ ತೆರೆಯುತ್ತೇವೆ? ಮನೆಗೆ ಬಂದವರಲ್ಲಿ ಒಬ್ಬರು ಒಂದೇ ಸಮ ಮಾತಾಡುತ್ತಿದ್ದರೆ ಉಳಿದವರು ಹೂಂಗುಟ್ಟಿಕೊಂಡು ಕೂರುತ್ತಾರಲ್ಲ, ಹಾಗೆ.

ಇನ್ನು ನನ್ನ ತಮ್ಮ ಹೇಳಿದ ನಿಜವಾದ ಟ್ಯಾಬ್.

ಜೂಡಿ ಡಿಲೋಶ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೀವಮಾನದ ಬಹುಪಾಲು ಕೆಲಸ ಮಾಡಿದ್ದು ಒಂದೇ ಪ್ರಶ್ನೆಯ ಮೇಲೆ: ಚಿತ್ರ ಅನ್ನುವುದು ಇನ್ಯಾವುದರದೋ ಚಿತ್ರ ಎಂದು ಮಗುವಿಗೆ ಹೊಳೆಯುವುದು ಯಾವಾಗ? ಅವರು ಮತ್ತು ಜಾರ್ಜೀನ್ ಟ್ರೋಸೆತ್ 1998ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬ ಇಷ್ಟ. ಪಕ್ಕದ ಕೋಣೆಯಲ್ಲಿ ಒಬ್ಬರು ಬೊಂಬೆಯನ್ನು ಬಚ್ಚಿಡುತ್ತಾರೆ. ಮಗು ಅದನ್ನು ಟೀವಿಯಲ್ಲಿ ಆ ಕ್ಷಣದಲ್ಲೇ ನೋಡುತ್ತದೆ. ಆಮೇಲೆ "ಹೋಗಿ ಹುಡುಕು" ಎಂದು ಕೋಣೆಗೆ ಬಿಡುತ್ತಾರೆ. ಎರಡೂವರೆ ವರ್ಷದವರು ಸಲೀಸಾಗಿ ಹುಡುಕಿದರು. ಎರಡು ವರ್ಷದವರಿಗೆ ಅರ್ಧದಷ್ಟು ಸಲವೂ ಸಿಗಲಿಲ್ಲ. ಅದೇ ದೃಶ್ಯವನ್ನು ಕಿಟಕಿಯಿಂದ ನೋಡಿದ ಎರಡು ವರ್ಷದವರು ನೇರ ಹೋಗಿ ಎತ್ತಿಕೊಂಡು ಬಂದರು! ಸ್ವಾರಸ್ಯ ಇನ್ನೂ ಮುಂದಿದೆ. ಟೀವಿಯನ್ನೇ ಕಿಟಕಿಯ ಚೌಕಟ್ಟಿನ ಹಿಂದಿಟ್ಟು, ಇದು ಕಿಟಕಿಯೇ ಎಂದು ಮಕ್ಕಳನ್ನು ನಂಬಿಸಿದಾಗ ಅದೇ ವಯಸ್ಸಿನವರ ಹುಡುಕಾಟ ಎಷ್ಟೋ ಸುಧಾರಿಸಿತು.

ಅಂದರೆ ಕಣ್ಣಿನ ದೋಷವಲ್ಲ, ನೆನಪಿನ ದೋಷವೂ ಅಲ್ಲ. ಎರಡು ವರ್ಷದ ಮಗುವಿನ ಲೆಕ್ಕದಲ್ಲಿ ಪರದೆಯೊಳಗಿನದು ಪರದೆಯೊಳಗೇ ನಡೆಯುವ ಬೇರೆ ಸಮಾಚಾರ. ಈ ಕೋಣೆಗೂ ಅದಕ್ಕೂ ನೆಂಟಸ್ತನವಿಲ್ಲ. ನೆಂಟಸ್ತನ ಕುದುರುವುದು ಎರಡೂವರೆಯ ಆಸುಪಾಸಿನಲ್ಲಿ, ಅದೂ ಸರಳ ಸಂಗತಿಗಳಲ್ಲಿ. ಟಚ್ ಸ್ಕ್ರೀನ್ ಬಂದ ಮೇಲೆ ಇದು ಮಾಯವಾಯಿತೇ? ಇಲ್ಲ. 2009ರಲ್ಲಿ 15 ತಿಂಗಳ ಮಕ್ಕಳಿಗೆ ಗಾಜಿನ ಮೇಲಿನ ಗುಂಡಿ ಒತ್ತುವುದನ್ನು ತೋರಿಸಿ, ಆಮೇಲೆ ಅಂಥದ್ದೇ ನಿಜವಾದ ಆಟಿಕೆ ಕೊಟ್ಟರು. ಗಾಜಿನಿಂದ ಗಾಜಿಗೆ ಕಲಿತವರು, ಆಟಿಕೆಯಿಂದ ಆಟಿಕೆಗೆ ಕಲಿತವರು ಚೆನ್ನಾಗಿ ಮಾಡಿದರು. ಗಾಜಿನಿಂದ ಆಟಿಕೆಗೆ ದಾಟಬೇಕಾದವರು ಎಡವಿದರು, ಆಟಿಕೆಯಿಂದ ಗಾಜಿಗೆ ದಾಟಬೇಕಾದವರೂ ಎಡವಿದರು.

ನನ್ನ ಮನೆಯಲ್ಲೂ ನೋಡಿದೆ. ಫೋನಿನಲ್ಲಿ ಹಾಡು ಬಂದರೆ ಪುಟ್ಟಿ ಒನ್ನಿಂದ ಟೆನ್‌ವರೆಗೆ ಒಂದೂ ತಪ್ಪದೆ ಹೇಳುತ್ತಾಳೆ. "ಎರಡು ಕೋಡುಬಳೆ ತಗೋ" ಎಂದರೆ ಕೈಗೆ ಸಿಕ್ಕಷ್ಟು ಬಾಚುತ್ತಾಳೆ. ಹತ್ತರವರೆಗಿನ ಹಾಡು ಬಂತೇ ಹೊರತು ಎರಡು ಅನ್ನುವ ಲೆಕ್ಕ ಬರಲಿಲ್ಲ. ಕೋಡುಬಳೆಯ ಮೇಲಿನ ಆಸೆಯೂ ಇರಬಹುದೆನ್ನಿ. ಆದರೂ ನಿಮ್ಮ ಮಗು ಟ್ಯಾಬಿನಲ್ಲಿ ಬಣ್ಣ ಕಲಿತಿದೆ ಎನಿಸಿದರೆ ಬಟ್ಟೆ ಒಣಹಾಕುವಾಗ ಕೆಂಪು ಲಂಗ ಕೇಳಿ ನೋಡಿ. ಹಸು ಕಲಿತಿದೆ ಎನಿಸಿದರೆ ಬೀದಿಯ ಹಸು ಎದುರಾದಾಗ ಏನನ್ನುತ್ತದೆ ನೋಡಿ. ಹೊರಗೆ ಬರದಿದ್ದರೆ ಮಗು ದಡ್ಡು ಎಂದಲ್ಲ, ಆ ಕಾಲ ಇನ್ನೂ ಬಂದಿಲ್ಲ, ಅಷ್ಟೆ. ಆರು ತಿಂಗಳಲ್ಲಿ ತಾನಾಗಿ ಬರುವ ಶಕ್ತಿಗೆ ಇವತ್ತೇ ಸಾವಿರಾರು ರೂಪಾಯಿ ಸುರಿಯುವ ಅವಸರವೇನು?

"ನಮ್ಮ ಮಗು ನಿಜವಾಗಿ ಕಲಿತಿದೆ" ಎನ್ನುವವರಿಗೂ ಒಂದು ಪ್ರಯೋಗವಿದೆ. ಡಿಲೋಶ್ ಮತ್ತು ಸಂಗಡಿಗರದ್ದೇ, 2010ರದ್ದು. ಶಬ್ದ ಕಲಿಸುವುದಾಗಿ ಮಾರುತ್ತಿದ್ದ ಒಂದು ಡಿವಿಡಿಯನ್ನು ಒಂದು ವರ್ಷದಿಂದ ಒಂದೂವರೆ ವರ್ಷದ ಮಕ್ಕಳಿಗೆ ನಾಲ್ಕು ವಾರ ತೋರಿಸಿದರು. ಕೆಲವರಿಗೆ ತಂದೆತಾಯಿಯ ಜೊತೆ, ಕೆಲವರಿಗೆ ಒಂಟಿಯಾಗಿ. ಮೂರನೇ ಗುಂಪಿಗೆ ಡಿವಿಡಿಯೇ ಇಲ್ಲ. ಅದೇ ಶಬ್ದಗಳ ಪಟ್ಟಿಯನ್ನು ತಾಯಿ ತಂದೆಯ ಕೈಗಿತ್ತು, ದಿನದ ಕೆಲಸದಲ್ಲಿ ಹೇಗೆ ಬರುತ್ತದೋ ಹಾಗೆ ಕಲಿಸಿ ಎಂದರು. ಹೆಚ್ಚು ಕಲಿತದ್ದು ಈ ಮೂರನೆಯವರು. ಡಿವಿಡಿ ನೋಡಿದವರು, ಏನೂ ಮಾಡದೆ ಬಿಟ್ಟ ಮಕ್ಕಳಿಗಿಂತ ಹೆಚ್ಚೇನೂ ಕಲಿತಿರಲಿಲ್ಲ. ನನ್ನನ್ನು ತಟ್ಟಿದ್ದು ಇನ್ನೊಂದು ವಿವರ. ಡಿವಿಡಿಯನ್ನು ಮೆಚ್ಚಿಕೊಂಡ ತಂದೆತಾಯಿಯರು ತಮ್ಮ ಮಗು ಅದರಿಂದ ಬಹಳ ಕಲಿತಿದೆ ಎಂದೇ ನಂಬಿದ್ದರು. ಅಂಥ ಮಾಲಿನಲ್ಲಿ ಆಗ ದೊಡ್ಡ ಹೆಸರು ಬೇಬಿ ಐನ್‌ಸ್ಟೈನ್. ಮಕ್ಕಳ ಪರವಾದ ಸಂಘಟನೆಯೊಂದು ದೂರು ಕೊಟ್ಟು ಹಿಂದೆ ಬಿದ್ದ ಮೇಲೆ ಅದರ ಒಡೆತನ ಹೊಂದಿದ್ದ ಡಿಸ್ನಿ 2009ರಲ್ಲಿ, ಬೇಡವಾದವರಿಗೆ ಡಿವಿಡಿಯ ದುಡ್ಡು ವಾಪಸ್ ಕೊಡುತ್ತೇವೆ ಎಂದು ಒಪ್ಪಿತು. ಡಿವಿಡಿ ಹೋಯಿತು, ಆ್ಯಪ್ ಬಂತು. ಡಬ್ಬಿಯ ಮೇಲಿನ ಮಾತುಗಳು ಹೆಚ್ಚೇನೂ ಬದಲಾಗಿಲ್ಲ.

ಆದರೆ ಮುಟ್ಟಿದರೆ ಮಾರುತ್ತರ ಕೊಡುವ ಆ್ಯಪ್ ಸುಮ್ಮನೆ ಓಡುವ ವಿಡಿಯೋಗಿಂತ ಬೇರೆ ಅಲ್ಲವೇ? ಬೇರೆಯೇ. ಹೆದರ್ ಕಿರ್ಕೋರಿಯನ್ ಮತ್ತು ಜೊತೆಯವರು 2016ರಲ್ಲಿ ಎರಡರಿಂದ ಮೂರು ವರ್ಷದ ಮಕ್ಕಳಿಗೆ ಟಚ್ ಸ್ಕ್ರೀನ್ ಮೂಲಕ ಹೊಸ ಶಬ್ದ ಕಲಿಸಿ ನೋಡಿದರು. ಎರಡರ ಹತ್ತಿರದ ಮಕ್ಕಳು ಕಲಿತದ್ದು, ಶಬ್ದಕ್ಕೆ ಸಂಬಂಧಿಸಿದ ಜಾಗವನ್ನೇ ಗುರಿಯಿಟ್ಟು ಮುಟ್ಟಬೇಕಾಗಿದ್ದಾಗ. ಎಲ್ಲಿ ಮುಟ್ಟಿದರೂ ಮುಂದೆ ಹೋಗುವಂತಿದ್ದರೆ ಕಲಿಯಲಿಲ್ಲ. ಮೂರರ ಹತ್ತಿರದವರಲ್ಲಿ ಇದು ತಿರುಗುಮುರುಗಾಯಿತು, ಅವರಿಗೆ ಆ ಗುರಿಯೇ ಅಡ್ಡ ಬಂತು. ಒಂದೇ ಆ್ಯಪ್ ಕೆಲವು ತಿಂಗಳ ಅಂತರದಲ್ಲಿ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಕಿರಿಕಿರಿ. "2 ರಿಂದ 6 ವರ್ಷದವರಿಗೆ" ಎಂದು ಅಚ್ಚು ಹಾಕಿಸಿದವರಿಗೆ ಈ ಸೂಕ್ಷ್ಮ ಎಲ್ಲಿಂದ ಬರಬೇಕು. ನಾವು ಕೊಳ್ಳುವ ಆ್ಯಪ್‌ಗಳಲ್ಲೋ ಎಲ್ಲಿ ಮುಟ್ಟಿದರೂ ಚಪ್ಪಾಳೆ, ಎಲ್ಲಿ ಮುಟ್ಟಿದರೂ ಪಟಾಕಿ.

ಪರದೆಯಲ್ಲಿ ನಿಜಕ್ಕೂ ಕೆಲಸ ಮಾಡುವುದು ಒಂದಿದೆ, ಅದನ್ನು ಯಾರೂ ಲರ್ನಿಂಗ್ ಎಂದು ಮಾರುವುದಿಲ್ಲ: ವಿಡಿಯೋ ಕಾಲ್. ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋದಲ್ಲಿ ಹತ್ತದ ಹೊಸ ಕ್ರಿಯಾಪದಗಳು, ಅದೇ ಪರದೆಯಲ್ಲಿ ಎದುರಿನವರು ನಿಜವಾಗಿ ಮಾತಾಡಿ ಪ್ರತಿಕ್ರಿಯಿಸಿದಾಗ ಹತ್ತಿದವು ಎಂದು 2014ರ ಒಂದು ಪ್ರಯೋಗ ತೋರಿಸಿತು. ಹಾಸನದಲ್ಲಿರುವ ನಮ್ಮಮ್ಮ ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳು ಹಿದುಕುತ್ತ ಕಾಲ್ ಮಾಡುತ್ತಾರೆ. ಒಂದು ಕಾಳು ಚಿಮ್ಮಿ ಅವರ ಕನ್ನಡಕಕ್ಕೆ ಬಡಿಯಿತು. ಪುಟ್ಟಿ ಬಿದ್ದು ಬಿದ್ದು ನಕ್ಕಳು, ಅಜ್ಜಿ ಇನ್ನೊಂದು ಚಿಮ್ಮಿಸಿದರು. ಎರಡು ದಿನ ಬಿಟ್ಟು ನಾನು ಬೆಂಗಳೂರಿನಲ್ಲಿ ಅವರೆ ನೆನೆಹಾಕಿದರೆ, ಇವಳು ಬಂದು ಕೂತು "ಅಜ್ಜಿ ಚಿಂವ್" ಎಂದು ಒಂದು ಕಾಳನ್ನು ಹಿದುಕಲು ಹೊರಟಳು. ಒನ್ನಿಂದ ಟೆನ್ ದಾಟದ ಗಾಜನ್ನು ಅವರೆಕಾಳು ದಾಟಿತ್ತು. ನ್ಯೂಜೆರ್ಸಿಯಲ್ಲೋ ದುಬೈನಲ್ಲೋ ಇದ್ದುಕೊಂಡು ಮಗುವಿಗೆ ಕನ್ನಡ ಉಳಿಯಲಿ ಎನ್ನುವವರಿಗೆ ಅಕ್ಷರಮಾಲೆಯ ಆ್ಯಪ್‌ಗಿಂತ ಇದು ಹತ್ತಿರದ ದಾರಿ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಚೀನೀ ಭಾಷೆಯ ಧ್ವನಿಗಳನ್ನು ಎದುರಿಗೆ ಕೂತ ಮನುಷ್ಯರಿಂದ 12 ಸರದಿಯಲ್ಲಿ ಕಲಿತವು, ಅದೇ ಮನುಷ್ಯರ ಡಿವಿಡಿಯಿಂದ ಏನೇನೂ ಕಲಿಯಲಿಲ್ಲ ಎಂದು ಪೆಟ್ರೀಶಿಯಾ ಕೂಲ್ 2003ರಲ್ಲೇ ತೋರಿಸಿದ್ದರು.

ವೈದ್ಯರ ಮಾರ್ಗಸೂಚಿಗಳು ವಿಡಿಯೋ ಕಾಲನ್ನು ನಿರ್ಬಂಧದಿಂದ ಹೊರಗಿಟ್ಟಿರುವುದು ಇದಕ್ಕೇ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2021ರ ಸೂಚನೆ: ಎರಡು ವರ್ಷದೊಳಗಿನವರಿಗೆ ನೆಂಟರಿಷ್ಟರೊಡನೆ ಆಗೀಗ ವಿಡಿಯೋ ಕಾಲ್ ಬಿಟ್ಟು ಯಾವ ಪರದೆಯೂ ಬೇಡ, ಎರಡರಿಂದ ಐದರವರಿಗೆ, ದೊಡ್ಡವರ ಕಣ್ಣಳತೆಯಲ್ಲಿ, ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ ಸ್ವೀಡನ್ನಿನ ಆರೋಗ್ಯ ಇಲಾಖೆಯೂ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಈ ಒಂದು ಗಂಟೆ ಮೇಲಿನ ಮಿತಿ, ದಿನದ ಪಡಿಯಲ್ಲ. ಜೊತೆಗೆ ಅದರಲ್ಲಿ ಟೀವಿ, ಫೋನು, ಟ್ಯಾಬು ಎಲ್ಲ ಸೇರಿತು. ಸಂಜೆ ಧಾರಾವಾಹಿ ಓಡುವ ಮನೆಯಲ್ಲಿ ಆ ಗಂಟೆ ಟ್ಯಾಬ್ ಬರುವ ಮೊದಲೇ ಖರ್ಚಾಗಿರುತ್ತದೆ.

2020ರ ಲಾಕ್‌ಡೌನಿನಲ್ಲಿ ನಮ್ಮ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಎಂದು ಆದೇಶಿಸಿದ್ದು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟದ್ದು ನೆನಪಿರಬಹುದು. ಅದೇ ತಿಂಗಳು ಕೇಂದ್ರ ಹೊರಡಿಸಿದ ಪ್ರಜ್ಞಾತಾ ಎಂಬ ಆನ್‌ಲೈನ್ ಪಾಠದ ಮಾರ್ಗಸೂಚಿ ಶಾಲಾಪೂರ್ವ ಹಂತಕ್ಕೆ ಇಟ್ಟದ್ದು ಮೂವತ್ತು ನಿಮಿಷ, ಅದೂ ತಂದೆತಾಯಿಯರ ಜೊತೆ ಮಾತಾಡಿ ದಾರಿ ಹೇಳುವುದಕ್ಕೆ. ಇಡೀ ದೇಶ ಮನೆಯೊಳಗೆ ಕೂತಿದ್ದಾಗಲೂ ಪುಟ್ಟ ಮಗುವಿಗೆ ಪರದೆ ನೇರವಾಗಿ ಪಾಠ ಹೇಳುತ್ತದೆ ಎಂದು ಬರೆಯುವ ಧೈರ್ಯವನ್ನು ಆ ಮಾರ್ಗಸೂಚಿ ಮಾಡಲಿಲ್ಲ. ಈಗ ಟ್ಯಾಬ್ ಮಾರುವವರಿಗೆ ಆ ಧೈರ್ಯವಿದೆ.

ಬಿಡುವ ಹೊತ್ತಿಗೆ ಬರೋಣ. ಟ್ಯಾಬ್ ಕಿತ್ತುಕೊಂಡಾಗ ಮಗು ನೆಲಕ್ಕೆ ಬಿದ್ದು ಹೊರಳಿದರೆ "ಚಟ ಹಿಡಿದಿದೆ" ಎನ್ನುತ್ತೇವೆ. ಎರಡು ವರ್ಷದ ಮಗು ನೀರಿನ ಬಕೆಟ್ಟಿನಿಂದ ಎತ್ತಿದರೂ ಹಾಗೇ ಹೊರಳುತ್ತದೆ. ಬಕೆಟ್ಟಿನ ನೀರು ಆರುತ್ತದೆ, ವಿಡಿಯೋ ಮುಗಿಯುವುದಿಲ್ಲ, ವ್ಯತ್ಯಾಸ ಅಲ್ಲಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2016ರಲ್ಲಿ ಪುಟ್ಟ ಮಕ್ಕಳ ಮನೆಗಳಲ್ಲಿ ಈ ರಂಪವನ್ನೇ ಅಧ್ಯಯನ ಮಾಡಿದರು. "ಇನ್ನೆರಡೇ ನಿಮಿಷ" ಎಂದು ಮುಂಚಿತವಾಗಿ ಹೇಳಿದರೆ ಬಿಡಿಸುವುದು ಸುಲಭ ಎಂದು ನಾವೆಲ್ಲ ಅಂದುಕೊಂಡಿದ್ದೇವಲ್ಲ, ಅವರಿಗೆ ಕಂಡದ್ದು ಉಲ್ಟಾ. ಎಚ್ಚರಿಕೆ ಕೊಟ್ಟಾಗಲೇ ಗಲಾಟೆ ಹೆಚ್ಚು. ಕಥೆ ತಾನಾಗಿ ಮುಗಿದಾಗ, ಯಂತ್ರವೇ ನಿಂತಾಗ, ಮಕ್ಕಳು ಎದ್ದು ಹೋದರು. ಹಾಗಾಗಿ ಮುಂದಿನ ವಿಡಿಯೋ ತಾನೇ ಶುರುವಾಗುವ ಸೌಲಭ್ಯವನ್ನು ನಿಲ್ಲಿಸಿ, ಒಂದು ಹಾಡು ಮುಗಿದರೆ ಮುಗಿಯಿತು ಎನ್ನುವಂತಿಟ್ಟು ಒಂದು ವಾರ ನೋಡಿ. ಆಗಲೂ ದಿನಾ ಅರ್ಧ ಗಂಟೆ ರಂಪವಾದರೆ, ಮಗು ಇನ್ನೂ ಸಿದ್ಧವಿಲ್ಲ. ಆರು ತಿಂಗಳು ಬಿಟ್ಟು ನೋಡಬಹುದು.

ಅಳು ನಿಲ್ಲಿಸಲು ಫೋನ್ ಕೊಡುವುದು ಬೇರೆ ವಿಷಯ, ಅದು ಟ್ಯಾಬ್ ಕೊಳ್ಳುವ ಮನೆಗಳಲ್ಲಿ ಇನ್ನೂ ಸಲೀಸಾಗುತ್ತದೆ. ಮಕ್ಕಳ ವೈದ್ಯೆ ಜೆನ್ನಿ ರಡೆಸ್ಕಿಯವರ ತಂಡ ಅಮೆರಿಕದ ಮಿಷಿಗನ್‌ನಲ್ಲಿ ಮೂರರಿಂದ ಐದು ವರ್ಷದ 422 ಮಕ್ಕಳ ಪೋಷಕರಿಂದ ಮಾಹಿತಿ ಪಡೆದು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಧಾನಕ್ಕೆಂದು ಪದೇ ಪದೇ ಪರದೆ ಕೊಟ್ಟಲ್ಲಿ ಮಕ್ಕಳ ಸಿಟ್ಟು ಸೆಡವು ಕೆಲವು ತಿಂಗಳಲ್ಲಿ ಹೆಚ್ಚಾಗಿ ಕಂಡಿತು, ಗಂಡುಮಕ್ಕಳಲ್ಲಿ ಎದ್ದುಕಾಣುವಂತೆ. ಊಟ ಮಾಡಿಸಲು ಫೋನ್ ತೋರಿಸುವುದೂ ಇದೇ ಜಾತಿಯದು. ಚಂದಮಾಮನನ್ನು ತೋರಿಸಿ ತುತ್ತಿಡುವುದೂ ಮರುಳು ಮಾಡುವುದೇ ತಾನೆ ಎಂದು ನನ್ನ ಗಂಡ ವಾದಿಸುತ್ತಾರೆ. ನಿಜವೇ. ಆದರೆ ಚಂದಮಾಮನ ಕಥೆ ಹೇಳಲು ತುತ್ತಿಡುವವರೇ ಬಾಯಿ ಬಿಡಬೇಕಿತ್ತು.

ಮಾತಿನ ಲೆಕ್ಕವನ್ನು ಆಸ್ಟ್ರೇಲಿಯಾದಲ್ಲಿ ಅಕ್ಷರಶಃ ಎಣಿಸಿದ್ದಾರೆ. 220 ಮನೆಗಳ ಮಕ್ಕಳಿಗೆ ಪುಟ್ಟ ರೆಕಾರ್ಡರ್ ತೊಡಿಸಿ, 2024ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಮೂರು ವರ್ಷದ ವಯಸ್ಸಿನಲ್ಲಿ ಪರದೆಯ ಪ್ರತಿ ಒಂದು ಹೆಚ್ಚುವರಿ ನಿಮಿಷದೊಂದಿಗೆ ಮಗು ಕೇಳುವ ದೊಡ್ಡವರ ಮಾತು 6.6 ಶಬ್ದ ಕಡಿಮೆ, ಮಗುವಿನ ಉಲಿ 4.9 ಕಡಿಮೆ, ಮಾತಿಗೆ ಮಾತು ಕೊಡುವುದು 1.1 ಸಲ ಕಡಿಮೆ. ನಿಮಿಷಕ್ಕೆ ಇಷ್ಟು ಎಂದರೆ ಅರ್ಧ ಗಂಟೆಗೆ ಎಷ್ಟೆಂದು ನೀವೇ ಗುಣಿಸಿಕೊಳ್ಳಿ. ನಿದ್ದೆಗೂ ಇಂಥ ಲೆಕ್ಕವಿದೆ. ಲಂಡನ್ನಿನ ಸಂಶೋಧಕರು ವಿಚಾರಿಸಿದ, ಮೇಲೆ ಹೇಳಿದ 715 ಕುಟುಂಬಗಳಲ್ಲಿ, ದಿನಕ್ಕೆ ಒಂದು ಗಂಟೆ ಟಚ್ ಸ್ಕ್ರೀನ್ ಹೆಚ್ಚಾದಲ್ಲಿ ಮಗುವಿನ ಒಟ್ಟು ನಿದ್ದೆ ಸುಮಾರು ಕಾಲು ಗಂಟೆ ಕಡಿಮೆ. ಇವೆಲ್ಲ ಜೊತೆಜೊತೆಗೆ ಕಂಡ ಸಂಗತಿಗಳು. ಪರದೆಯಿಂದಲೇ ಆಯಿತು ಎಂದು ಪ್ರಮಾಣ ಮಾಡಿ ಹೇಳುವಂತಿಲ್ಲ. ಮೊದಲೇ ನಿದ್ದೆಗೆಟ್ಟ ಮಗುವಿನ ಕೈಗೆ ಸುಸ್ತಾದ ತಾಯಿ ಫೋನ್ ಕೊಟ್ಟಿರಲೂಬಹುದು.

ಈ ಎಚ್ಚರ ಬಿಟ್ಟರೆ ವಾಟ್ಸಾಪಿನ ಕೈಗೆ ಸಿಗುತ್ತೇವೆ. "ವರ್ಚುವಲ್ ಆಟಿಸಂ" ಎಂಬ ಮಾತು ಅಲ್ಲಿ ಧಾರಾಳವಾಗಿ ಓಡಾಡುತ್ತಿದೆ. ವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿಗಳಲ್ಲಿ ಆ ಹೆಸರಿನ ಕಾಯಿಲೆ ಇಲ್ಲ. ಅದರಿಂದ ಆಗುವ ಕೇಡು ಏನೆಂದರೆ, ಎರಡು ವರ್ಷವಾದರೂ ಎರಡು ಶಬ್ದ ಜೋಡಿಸದ, ಹೆಸರು ಕೂಗಿದರೆ ತಿರುಗದ, ಬೆರಳು ಮಾಡಿ ತೋರಿಸದ ಮಗುವನ್ನು "ಫೋನ್ ಬಿಡಿಸಿದರೆ ಸರಿಹೋಗುತ್ತೆ" ಎಂದು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಂಥ ಮಗುವಿನ ವಿಷಯದಲ್ಲಿ ಟ್ಯಾಬ್ ಕೊಳ್ಳುವ ಬಿಡುವ ಚರ್ಚೆಯೇ ಆಮೇಲಿನದು. ಮೊದಲು ಮಕ್ಕಳ ವೈದ್ಯರು, ಕಿವಿಯ ಪರೀಕ್ಷೆ. ಮೈಸೂರಿನಲ್ಲಿ ಮಾತು ಮತ್ತು ಕೇಳಿಸಿಕೊಳ್ಳುವಿಕೆಗೇ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಜಾಹೀರಾತಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಐದು ವರ್ಷದೊಳಗಿನವರ 135 ಆ್ಯಪ್‌ಗಳನ್ನು ಮಿಷಿಗನ್ ತಂಡ ಜಾಲಾಡಿದಾಗ 95 ಶೇಕಡಾದಲ್ಲಿ ಯಾವುದಾದರೊಂದು ರೂಪದ ಜಾಹೀರಾತು ಇತ್ತು; ಮಗು ಕೊಂಡುಕೊಳ್ಳದೆ ಹೋದರೆ ಅಳುವ ಪಾತ್ರವೂ ಅದರಲ್ಲಿತ್ತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರನ್ನು ಮಕ್ಕಳೆಂದು ಕರೆದು, ಅವರ ಜಾಡು ಹಿಡಿಯುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸಿದೆ. ಕಾಯ್ದೆ ಮನೆಯೊಳಗೆ ಬರುವವರೆಗೆ ಕಾಯುವುದಕ್ಕಿಂತ ಏರೋಪ್ಲೇನ್ ಮೋಡ್ ಒತ್ತುವುದು ಸುಲಭ. ಇಂಟರ್ನೆಟ್ ಇಲ್ಲದೆ ಓಡದ ಆ್ಯಪ್ ಎರಡು ವರ್ಷದ ಮಗುವಿಗೆ ಬೇಕಿಲ್ಲ ಎನ್ನುವುದು ನನ್ನ ಕಟ್ಟಳೆ.

ಇಷ್ಟೆಲ್ಲ ಬರೆದವಳು ದಿನಕ್ಕೆ ಇಪ್ಪತ್ತು ನಿಮಿಷ ಫೋನ್ ಕೊಡುವುದಿಲ್ಲವೇ ಎಂದರೆ, ಕೊಡುತ್ತೇನೆ. ಎರಡನೇ ಮಹಡಿಯ ಮನೆ, ಅಂಗಳವಿಲ್ಲ, ಅಜ್ಜಿ ಹಾಸನದಲ್ಲಿ, ಕುಕ್ಕರ್ ಒಲೆಯ ಮೇಲೆ, ಆಫೀಸಿನ ಕರೆ ಕಿವಿಯಲ್ಲಿ. ಆ ಇಪ್ಪತ್ತು ನಿಮಿಷ ನನಗೆ ಬೇಕು. ನನ್ನ ತಕರಾರು ಇರುವುದು ಅದನ್ನು ಕಲಿಕೆ ಎಂದು ಕರೆಯುವುದಕ್ಕೆ. ಅದು ಬಿಡುವು, ನನ್ನ ಬಿಡುವು. ಹಾಗೆಂದು ಒಪ್ಪಿಕೊಂಡರೆ ಎಷ್ಟೋ ಗೊಂದಲ ಕಡಿಮೆಯಾಗುತ್ತದೆ. ಬಿಡುವಿಗೆ ಕಲಿಸುವ ಆ್ಯಪ್‌ನ ಚಂದಾ ಬೇಡ, ನಿಧಾನವಾಗಿ ಸಾಗುವ ಒಂದು ಕನ್ನಡ ಹಾಡು ಸಾಕು. ಬಿಡುವು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. "ಕಲಿಕೆ" ಎಂದರೆ ಎರಡು ಗಂಟೆಯಾದರೂ ನಿಲ್ಲಿಸಲು ಮನಸ್ಸು ಬರುವುದಿಲ್ಲ, ಕಲಿಯುತ್ತಿದ್ದಾಳಲ್ಲ ಬಿಡಿ ಅನಿಸುತ್ತದೆ. ಲರ್ನಿಂಗ್ ಎನ್ನುವ ಮುದ್ರೆ ಮಗುವಿಗೋಸ್ಕರ ಹಾಕಿದ್ದಲ್ಲ, ನಮ್ಮ ಅಳುಕು ಕಡಿಮೆ ಮಾಡಲು ಹಾಕಿದ್ದು.

ಕಲಿಕೆಗೇ ಟ್ಯಾಬ್ ಬೇಕೆನ್ನುವವರು ಮೂರು ತುಂಬುವವರೆಗೆ ಕಾಯಬಹುದು ಎಂದು ನನಗನಿಸುತ್ತದೆ. ಅಲ್ಲಿಯವರೆಗೆ ಮನೆಯಲ್ಲಿರುವ ಫೋನಿನಲ್ಲೇ ಪಕ್ಕದಲ್ಲಿ ಕೂತು ಪರೀಕ್ಷಿಸಿ ನೋಡಲು ಅಡ್ಡಿಯಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಹಾರಾಡುವುದಿಲ್ಲ, ಕೂಗುವುದಿಲ್ಲ, ಓದಿ ಹೇಳುವವರು ನಾವೇ ಆಗಬೇಕು. ಆದರೂ ಅದೇ ಕಥೆ ಕಾಗದದಲ್ಲಿ ಸಿಕ್ಕರೆ ಕಾಗದವೇ ಇರಲಿ. ಗಾಜಿನ ಪುಸ್ತಕ ಹಿಡಿದಾಗ ತಾಯಿ ಮಗು ಇಬ್ಬರೂ ಕಡಿಮೆ ಮಾತಾಡಿದರು, ಪುಸ್ತಕ ಯಾರು ಹಿಡಿಯಬೇಕೆಂಬ ಎಳೆದಾಟವೇ ಜಾಸ್ತಿಯಾಯಿತು ಎಂದು ಮಿಷಿಗನ್‌ನ 37 ಜೋಡಿಗಳ ಅಧ್ಯಯನ 2019ರಲ್ಲಿ ಹೇಳಿತು. ನಮ್ಮ ಮನೆಯಲ್ಲಿ ಎಳೆದಾಟಕ್ಕೆ ಕಾಗದದ ಪುಸ್ತಕವೂ ಸಾಕು, ಅದು ಬೇರೆ ಮಾತು.

ವಾರ ಬಿಟ್ಟು ತಮ್ಮ ಮತ್ತೆ ಫೋನ್ ಮಾಡಿದ. ಟ್ಯಾಬ್ ಬೇಡ ಎಂದೆ. "ಯಾಕಕ್ಕಾ, ಆಗಲೇ ಎಣಿಸ್ತಾಳಲ್ಲ?" ಕೋಡುಬಳೆಯ ಕಥೆ ಹೇಳಿದೆ. ನಕ್ಕ. "ಸರಿ ಹಾಗಾದ್ರೆ, ಆ ದುಡ್ಡಲ್ಲಿ ಏನು ತರ್ಲಿ?"

"ಒಂದು ಫೋನ್ ಸ್ಟ್ಯಾಂಡ್ ತಗೊಂಡು ಹಾಸನಕ್ಕೆ ಕಳಿಸು," ಎಂದೆ. "ಅಮ್ಮ ಫೋನನ್ನ ಡಬ್ಬಿಗೆ ಒರಗಿಸಿ ಇಡ್ತಾರೆ, ಜಾರಿ ಬೀಳುತ್ತೆ. ಕಾಳು ಹಿದುಕೋ ಕೈ ಇವಳಿಗೆ ಸರಿಯಾಗಿ ಕಾಣಲ್ಲ."